ನೇಗಿಲು ತಾಗದ ನೆಲದಲ್ಲಿ ಏನು ನೋಡಬೇಕು?

ಪ್ರಶ್ನೆ: ನಾವು ಹಾವೇರಿ ಕಡೆಯ ರೈತ ಕುಟುಂಬದವರು. ಜುಲೈ ಕೊನೆಯಲ್ಲಿ ಶಿಕಾಗೋ ಹತ್ತಿರವಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ವೆಸ್ಟ್‌ಚೆಸ್ಟರ್ ಎಂಬ ಊರಿನ ‘ವುಲ್ಫ್ ರೋಡ್ ಪ್ರೈರಿ’ಯಲ್ಲಿ ಸ್ವಯಂಸೇವಕರು ನಡೆಸುವ ಪ್ರಕೃತಿ ನಡಿಗೆಗೆ ಆಕೆ ನಮ್ಮಿಬ್ಬರ ಹೆಸರು ಬರೆಸಿದ್ದಾಳೆ. ಕಳಿಸಿದ ಫೋಟೊ ನೋಡಿದರೆ ಆಳೆತ್ತರದ ಹುಲ್ಲು, ನಡುನಡುವೆ ಹಳದಿ ಹೂವಿನ ಕಳೆ, ಅಷ್ಟೇ. ‘ಎರಡು ಸಲ ಟ್ರ್ಯಾಕ್ಟರ್ ಹೊಡೆಸಿದರೆ ಒಳ್ಳೆಯ ಹೊಲವಾಗುತ್ತದೆ’ ಎಂದು ನಮ್ಮ ಯಜಮಾನರು ನಗುತ್ತಾರೆ. ಇದನ್ನು ನೋಡಲು ಜನ ಹೆಸರು ಬರೆಸಿ ಹೋಗುವುದೇಕೆ? ಅಲ್ಲಿ ಏನನ್ನು ಗಮನಿಸಬೇಕು? ಅವರೇ ಅದಕ್ಕೆ ಬೆಂಕಿ ಹಾಕುತ್ತಾರಂತೆ, ನಿಜವೇ? ನನಗೆ ಮಂಡಿ ನೋವಿದೆ, ನಡೆಯಬಹುದೇ? ಒಂದಿಷ್ಟು ಬೀಜ ತಂದು ನಮ್ಮ ಹಿತ್ತಲಿನಲ್ಲಿ ಹಾಕಬಹುದೇ?

ಉತ್ತರ: ನಿಮ್ಮ ಯಜಮಾನರು ತಮಾಷೆಗೆ ಹೇಳಿದ್ದು ಇಲಿನಾಯ್ ರಾಜ್ಯದ ನಿಜವಾದ ಚರಿತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಬಂದ ರೈತರೆಲ್ಲ ಅದನ್ನೇ ಹೇಳಿದರು, ಮಾಡಿಯೂ ಮುಗಿಸಿದರು. ಪ್ರೈರಿ ಎಂದರೆ ತಾನಾಗಿ ಬೆಳೆದ ಬಯಲು ಹುಲ್ಲುಗಾವಲು. ಆ ರಾಜ್ಯಕ್ಕೆ ಇಂದಿಗೂ ‘ಪ್ರೈರಿ ರಾಜ್ಯ’ ಎಂಬ ಅಡ್ಡಹೆಸರಿದೆ. ಒಂದು ಕಾಲಕ್ಕೆ ಅಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೈರಿ ಇತ್ತು. 1970ರ ದಶಕದ ಕೊನೆಗೆ ರಾಜ್ಯದ ಉದ್ದಗಲಕ್ಕೂ ಹುಡುಕಿ ಲೆಕ್ಕ ಹಾಕಿದಾಗ ಕೆಡದೆ ಉಳಿದಿದ್ದದ್ದು ಸುಮಾರು 2,300 ಎಕರೆ. ಹತ್ತು ಸಾವಿರ ಎಕರೆಗೆ ಒಂದು ಎಕರೆಯ ಲೆಕ್ಕ ಅದು. ಜನ ಹೆಸರು ಬರೆಸಿ ನೋಡಲು ಹೋಗುವುದು ಆ ಒಂದು ಎಕರೆಯನ್ನು.

ರೈತರಾದ್ದರಿಂದ ಉತ್ತ ಕಥೆ ನಿಮಗೆ ಹಿಡಿಸಬಹುದು. ಅಲ್ಲಿನ ಹುಲ್ಲಿನ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಮೇಲ್ಮಣ್ಣು ಬಿಗಿದುಹೋಗಿತ್ತು. ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. ಮತ್ತೆಮತ್ತೆ ನಿಲ್ಲಿಸಿ ಕೆರೆದು ಮುಂದೆ ಸಾಗಬೇಕು. 1837ರಲ್ಲಿ ಗ್ರ್ಯಾಂಡ್ ಡಿಟೂರ್ ಎಂಬ ಸಣ್ಣ ಊರಿನ ಕಮ್ಮಾರ ಜಾನ್ ಡಿಯರ್ ನಯವಾಗಿ ಉಜ್ಜಿದ ಉಕ್ಕಿನ ನೇಗಿಲು ಮಾಡಿಕೊಟ್ಟ. ಮಣ್ಣು ತಾನಾಗಿಯೇ ಜಾರಿ ಬೀಳತೊಡಗಿತು. ನಿಮ್ಮೂರಿನಲ್ಲೂ ಓಡಾಡುವ ಹಸಿರು ಟ್ರ್ಯಾಕ್ಟರ್‌ಗಳ ಮೇಲೆ ಇರುವುದು ಅದೇ ಕಮ್ಮಾರನ ಹೆಸರು. ಉಳಿದ ತಗ್ಗು ಜೌಗುಗಳಿಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂತು ನೀರು ಬಸಿದರು. ಈಗ ಅಲ್ಲೆಲ್ಲ ಮೆಕ್ಕೆಜೋಳ, ಸೋಯಾಬೀನ್. ನಿಮಗೆ ನೋಡಿದೊಡನೆ ಎರೆ ನೆಲ ನೆನಪಾಗುತ್ತದೆ, ಮಣ್ಣು ಅಷ್ಟು ಕಪ್ಪು. ಆದರೆ ನಮ್ಮ ಎರೆಯ ಕಪ್ಪು ಹೆಚ್ಚಾಗಿ ಕಲ್ಲು ಸವೆದು ಬಂದ ಜೇಡಿಯ ಗುಣ. ಅದರಲ್ಲಿ ಸಾವಯವ ಅಂಶ ಕಡಿಮೆ. ಅಲ್ಲಿಯದು ಸಾವಿರಾರು ವರ್ಷ ಹುಲ್ಲಿನ ಬೇರು ಸತ್ತು, ಕೊಳೆತು, ಮತ್ತೆ ಬೆಳೆದು ಸೇರಿಸಿಟ್ಟ ಕಪ್ಪು. ರೈತರು ಅಲ್ಲಿಗೆ ಬರುವ ಮೊದಲೇ ಹುಲ್ಲು ಆ ಹೊಲಕ್ಕೆ ಗೊಬ್ಬರ ಹಾಕಿ ಇಟ್ಟಿತ್ತು.

ಆ ನೆಲ ಮೊದಲು ಖಾಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಶಿಕಾಗೋ ಸುತ್ತಮುತ್ತ ಪಾಟವಾಟಮಿ ಜನ ಇದ್ದರು. 1833ರ ಶಿಕಾಗೋ ಒಪ್ಪಂದದ ನಂತರ ಅವರನ್ನು ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸಲಾಯಿತು. ಈ ಮಾತು ಬೆಂಕಿಯ ವಿಚಾರಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಇನ್ನು ಅಲ್ಲಿನವರು ‘ಅಳಿದುಳಿದ ಪ್ರೈರಿ’ ಎನ್ನುವುದು ಯಾವುದನ್ನು ಎಂದು ಹೇಳಬೇಕು. ಅಲ್ಲಿ ಎರಡು ಬಗೆಯ ಪ್ರೈರಿಗಳನ್ನು ಕಾಣುತ್ತೀರಿ, ದೂರದಿಂದ ಎರಡೂ ಒಂದೇ ರೀತಿ. ಒಂದು, ಎಂದೂ ಉಳುಮೆ ಕಾಣದೆ ಹೇಗೋ ಬದುಕಿಕೊಂಡದ್ದು, ಅಳಿದುಳಿದದ್ದು ಎಂದರೆ ಇದೇ. ಇನ್ನೊಂದು, ಹಳೆಯ ಹೊಲದಲ್ಲಿ ಬೀಜ ಬಿತ್ತಿ ಮರಳಿ ಬೆಳೆಸಿದ್ದು. ಎರಡನೆಯದರಲ್ಲಿ ದೊಡ್ಡ ಹೆಸರು ಬಟೇವಿಯಾ ಊರಿನ ಫರ್ಮಿಲ್ಯಾಬ್‌ನದು. ಕಣ ಭೌತವಿಜ್ಞಾನದ ಆ ಪ್ರಯೋಗಾಲಯದ ಕಣವೇಗವರ್ಧಕದ ಉಂಗುರದ ಒಳಗಿನ ಜಾಗದಲ್ಲಿ 1975ರಿಂದ ಪ್ರೈರಿ ಬಿತ್ತುವ ಕೆಲಸ ನಡೆಯಿತು. ಮುಂದೆ ನಿಂತವರು ಸಸ್ಯವಿಜ್ಞಾನಿ ರಾಬರ್ಟ್ ಬೆಟ್ಜ್. ಈಗ ಅದು ಸುಮಾರು ಸಾವಿರ ಎಕರೆ. ಹುಲ್ಲೇನೋ ಸೊಂಪಾಗಿ ಬಂದಿದೆ. ಆದರೆ ದಶಕಗಳು ಕಳೆದರೂ ಕೆಲವು ಸಸ್ಯಗಳು ಅಲ್ಲಿ ಬೇರೂರಲು ಒಪ್ಪುವುದಿಲ್ಲ. ಅವುಗಳಿಗೆ ಬೇಕಾದ ಶಿಲೀಂಧ್ರ, ಕೀಟ, ಪಕ್ಕದ ಗಿಡಗಳ ಬೇರು, ಇವೆಲ್ಲ ಕೂಡಿದ ಸಂಸಾರ ಒಮ್ಮೆ ಉತ್ತರೆ ಚದುರಿಹೋಗುತ್ತದೆ, ಬೀಜ ಎರಚಿದ ಮಾತ್ರಕ್ಕೆ ಅದು ಮರಳಿ ಕೂಡುವುದಿಲ್ಲ.

ಈ ವ್ಯತ್ಯಾಸವನ್ನು ಅಳೆಯಲು ಶಿಕಾಗೋದ ಸಸ್ಯವಿಜ್ಞಾನಿಗಳಾದ ಫ್ಲಾಯ್ಡ್ ಸ್ವಿಂಕ್ ಮತ್ತು ಜೆರಾಲ್ಡ್ ವಿಲ್ಹೆಮ್ 1970ರ ದಶಕದಲ್ಲಿ ಒಂದು ಸರಳ ಉಪಾಯ ಕಂಡುಹಿಡಿದರು. ಪ್ರತಿಯೊಂದು ಸ್ಥಳೀಯ ಸಸ್ಯಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ರಸ್ತೆ ಬದಿ, ಹಾಳು ಬಿದ್ದ ಜಾಗ, ಎಲ್ಲೆಂದರಲ್ಲಿ ಬೆಳೆಯುವ ಗಿಡಕ್ಕೆ ಸೊನ್ನೆ. ಕೆಡದ ನೆಲದಲ್ಲಿ ಮಾತ್ರ ಕಾಣುವ ಗಿಡಕ್ಕೆ ಹತ್ತು. ನಿಮ್ಮ ಮಾರ್ಗದರ್ಶಿ ಯಾವುದಾದರೂ ಬಡಕಲು ಗಿಡದ ಮುಂದೆ ನಿಂತು ವಿಪರೀತ ಸಂಭ್ರಮಪಟ್ಟರೆ ಅದರ ಅಂಕ ಎಷ್ಟು ಎಂದು ಕೇಳಿ. ಎಂಟು, ಒಂಬತ್ತು, ಹತ್ತು ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಎತ್ತರ, ಬಣ್ಣ, ಹೂವಿನ ಗಾತ್ರ ಯಾವುದಕ್ಕೂ ಇಲ್ಲಿ ಬೆಲೆಯಿಲ್ಲ.

ಉಳಿದದ್ದು ಎಲ್ಲಿ ಉಳಿಯಿತು ಎಂಬುದು ಇನ್ನೂ ಸ್ವಾರಸ್ಯದ ವಿಷಯ. ರೈಲು ಹಳಿಗಳ ಪಕ್ಕದ ಪಟ್ಟಿಗಳಲ್ಲಿ ಉಳಿಯಿತು, ಏಕೆಂದರೆ ಅಲ್ಲಿ ಯಾರೂ ಉಳಲಿಲ್ಲ, ಹಬೆ ಎಂಜಿನ್ನಿನ ಕಿಡಿ ಬಿದ್ದು ಆಗಾಗ ಬೆಂಕಿಯೂ ಹತ್ತುತ್ತಿತ್ತು. ಹಳೆಯ ಗೋರಿಸ್ಥಳಗಳಲ್ಲಿ ಉಳಿಯಿತು, ಏಕೆಂದರೆ ಮೊದಲ ವಲಸೆಗಾರರು ಹೊಲ ಉಳುವ ಮುನ್ನವೇ ಸತ್ತವರಿಗಾಗಿ ಒಂದಿಷ್ಟು ಜಾಗಕ್ಕೆ ಬೇಲಿ ಹಾಕಿದ್ದರು. ಬೆಟ್ಜ್ ಅವರು ಹುಡುಕಿಕೊಂಡು ಹೋದದ್ದು ಇಂಥ ಗೋರಿಸ್ಥಳಗಳನ್ನೇ. ನೇಪರ್‌ವಿಲ್ ಬಳಿಯ ವರ್ಮಾಂಟ್ ಸ್ಮಶಾನದ ಪ್ರೈರಿ ಒಂದು ಎಕರೆಯಷ್ಟೇ. ಕಾಡುಕೋಣದ ಅಣ್ಣನಂತಿರುವ ಬೈಸನ್ ಹಿಂಡು ನೋಡಲು ಫರ್ಮಿಲ್ಯಾಬ್‌ಗೋ ಮಿಡೇವಿನ್ ಎಂಬ ದೊಡ್ಡ ಪ್ರೈರಿಗೋ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ನನ್ನನ್ನು ಕೇಳಿದರೆ ಆ ಒಂದು ಎಕರೆ ಹೆಚ್ಚು ಬೆಲೆಯದು.

ನೀವು ಹೋಗುತ್ತಿರುವ ವುಲ್ಫ್ ರೋಡ್ ಪ್ರೈರಿ ಉಳಿದುಕೊಂಡದ್ದು ರಿಯಲ್ ಎಸ್ಟೇಟ್ ಮುಳುಗಿದ್ದರಿಂದ. 1920ರ ದಶಕದಲ್ಲಿ ಅಲ್ಲಿ ಬಡಾವಣೆ ಮಾಡಲು ಹೊರಟರು. ನಿವೇಶನ ಗುರುತಿಸಿದರು, ಮನೆ ಕಟ್ಟುವ ಮೊದಲೇ ಕಾಂಕ್ರೀಟಿನ ಕಾಲುದಾರಿಗಳನ್ನು ಹಾಕಿದರು. 1929ರಲ್ಲಿ ಶೇರು ಮಾರುಕಟ್ಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು, ಮನೆಗಳು ಏಳಲೇ ಇಲ್ಲ. ಎಂಬತ್ತು ಎಕರೆ ಹಾಗೆಯೇ ನಿಂತಿತು. ಇಂದು ನೀವು ನಡೆಯುವುದು ಅದೇ ಕಾಲುದಾರಿಗಳ ಮೇಲೆ. ನೇರವಾಗಿ ಹೋಗಿ, ಇಲ್ಲದ ಬೀದಿಯ ಮೂಲೆಯಲ್ಲಿ ತಿರುಗಿ, ಇಲ್ಲದ ಮನೆಗಳ ಮುಂದೆ ಹಾದುಹೋಗುತ್ತವೆ. ಎರಡೂ ಕಡೆ ಹುಲ್ಲು ತಲೆಯ ಮಟ್ಟಕ್ಕೆ ಬಂದಿರುತ್ತದೆ.

ನಿಮ್ಮ ಮಂಡಿಯ ವಿಷಯಕ್ಕೆ ಉತ್ತರವೂ ಇಲ್ಲೇ ಇದೆ. ನೆಲ ಸಮತಟ್ಟು, ಏರು ಇಳಿತ ಇಲ್ಲವೆನ್ನಬಹುದು. ಆದರೆ ಆ ಕಾಂಕ್ರೀಟಿಗೆ ನೂರು ವರ್ಷ ಸಮೀಪಿಸಿದೆ. ಹಾಸುಗಳು ಒಡೆದು ಮೇಲೆ ಕೆಳಗೆ ಆಗಿವೆ, ಸಂದುಗಳಲ್ಲಿ ಹುಲ್ಲು ಎದ್ದು ಅಂಚು ಕಾಣದಂತಿರುತ್ತದೆ. ಮೇಲೆ ನೋಡುತ್ತಾ ನಡೆಯಬೇಡಿ. ನಿಂತು ನೋಡಿ, ಆಮೇಲೆ ನಡೆಯಿರಿ. ಒಂದು ಊರುಗೋಲು ಒಯ್ಯಿರಿ. ಮಳೆ ಬಂದ ಮರುದಿನ ತಗ್ಗಿನ ಕಡೆ ನೀರು ನಿಂತಿರುತ್ತದೆ, ಅಂದು ಅರ್ಧ ದಾರಿಗೇ ತಿರುಗಿದರೂ ನಷ್ಟವಿಲ್ಲ. ಇದು ದೂರ ಕ್ರಮಿಸುವ ನಡಿಗೆಯಲ್ಲ. ಒಳ್ಳೆಯ ಮಾರ್ಗದರ್ಶಿಯಾದರೆ ಎರಡು ಗಂಟೆಯಲ್ಲಿ ಒಂದು ಕಿಲೋಮೀಟರ್ ಮುಗಿದರೆ ಹೆಚ್ಚು.

ಮೊದಲು ಹುಲ್ಲನ್ನು ನೋಡಿ. ನಿಮ್ಮ ಯಜಮಾನರನ್ನು ಮುಂದೆ ನಿಲ್ಲಿಸಿ, ಅವರಿಗೆ ಸುಲಭವಾಗುತ್ತದೆ. ಅಲ್ಲಿನ ದೊಡ್ಡ ಹುಲ್ಲುಗಳಾದ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಲಿಟಲ್ ಬ್ಲೂಸ್ಟೆಮ್ ಮೂರೂ ನಮ್ಮ ಜೋಳ, ಕಬ್ಬು, ಲಾವಂಚ, ಮಜ್ಜಿಗೆ ಹುಲ್ಲುಗಳ ಹತ್ತಿರದ ಬಳಗ. ಇಂಡಿಯನ್ ಗ್ರಾಸ್‌ನ ಸಸ್ಯಶಾಸ್ತ್ರೀಯ ಹೆಸರಿನಲ್ಲೇ ಜೋಳ ಅಡಗಿದೆ. ದಂಟಿನ ಗೆಣ್ಣು, ಗರಿ ದಂಟನ್ನು ಸುತ್ತಿಕೊಳ್ಳುವ ರೀತಿ, ಬುಡದ ಕೆನ್ನೀಲಿ ಛಾಯೆ, ಇದನ್ನೆಲ್ಲ ಜೋಳದ ಹೊಲದಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಬಿಗ್ ಬ್ಲೂಸ್ಟೆಮ್‌ನ ತೆನೆ ಮೂರು ಬೆರಳಾಗಿ ಒಡೆಯುತ್ತದೆ, ಅದಕ್ಕೇ ಅಲ್ಲಿನವರು ಅದನ್ನು ಟರ್ಕಿ ಕೋಳಿಯ ಕಾಲು ಎನ್ನುತ್ತಾರೆ. ಜುಲೈ ಕೊನೆಯಲ್ಲಿ ತೆನೆ ಈಗಷ್ಟೇ ಹೊರಟಿರುತ್ತದೆ. ಆಳೆತ್ತರ ಮೀರುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಬೇರು ನೆಲದೊಳಗೆ ಎಂಟು ಹತ್ತು ಅಡಿ ಇಳಿದಿರುತ್ತದೆ. ಪ್ರೈರಿಯ ಹೆಚ್ಚಿನ ಪಾಲು ಇರುವುದು ನೆಲದ ಕೆಳಗೇ ಎಂಬ ಮಾತನ್ನು ಮಾರ್ಗದರ್ಶಿಗಳು ತಪ್ಪದೆ ಹೇಳುತ್ತಾರೆ. ಅದು ಉತ್ಪ್ರೇಕ್ಷೆಯಲ್ಲ.

ಗುಂಪಾಗಿ, ಕೂದಲಿನಷ್ಟು ಸಣ್ಣ ಎಲೆಗಳನ್ನು ಸುತ್ತಲೂ ಚೆಲ್ಲಿಕೊಂಡು ಕೂತ ಗಿಡ್ಡ ಹುಲ್ಲೊಂದಿದೆ, ಪ್ರೈರಿ ಡ್ರಾಪ್‌ಸೀಡ್. ಆಗಸ್ಟ್‌ನಲ್ಲಿ ಅದು ಹೂ ಬಿಟ್ಟಾಗ ಗಾಳಿಯಲ್ಲಿ ಒಂದು ವಾಸನೆ ಬರುತ್ತದೆ. ಅಮೆರಿಕನ್ನರಲ್ಲಿ ಅರ್ಧ ಜನ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ಎನ್ನುತ್ತಾರೆ, ಇನ್ನರ್ಧ ಕೊತ್ತಂಬರಿ ಎನ್ನುತ್ತಾರೆ. ನನ್ನ ಮೂಗಿಗೆ ಕೊತ್ತಂಬರಿಯೇ. ಮಗಳ ಮನೆಯಲ್ಲಿ ಆಗಸ್ಟ್ ಮಧ್ಯದವರೆಗೂ ಇರುವುದಾದರೆ ಇನ್ನೊಮ್ಮೆ ಹೋಗಿ ನೀವೇ ತೀರ್ಮಾನಿಸಿ. ಅಂಕದ ಪಟ್ಟಿಯಲ್ಲಿ ತೀರ ಮೇಲಿರುವ ಹುಲ್ಲು ಇದು.

‘ನಡುವೆ ಕಳೆ’ ಎಂದಿರಲ್ಲ, ಆ ಕಳೆಯಲ್ಲೇ ನಿಮಗೊಂದು ಅಚ್ಚರಿ ಕಾದಿದೆ. ಮೊಣಕಾಲೆತ್ತರ, ಒರಟು ಎಲೆ, ತುದಿಯಲ್ಲಿ ಹೂಕೋಸಿನ ಚೂರಿನಂತೆ ಒತ್ತೊತ್ತಾದ ಬಿಳಿ ಹೂವು ಇರುವ ಗಿಡ ಕಂಡರೆ ಹತ್ತಿರ ಹೋಗಿ ನೋಡಿ. ವೈಲ್ಡ್ ಕ್ವಿನೈನ್ ಎನ್ನುತ್ತಾರೆ. ಅದು ಪಾರ್ಥೇನಿಯಂ! ನಮ್ಮ ಹೊಲದ ಬದುಗಳನ್ನೆಲ್ಲ ತಿಂದು, ಮೈ ಕೆರೆತ, ಉಬ್ಬಸ ಹಚ್ಚಿದ ಕಾಂಗ್ರೆಸ್ ಗಿಡದ ಕುಲದ್ದೇ. ಹೂವನ್ನು ಒಂದು ಗೇಣು ದೂರದಿಂದ ದಿಟ್ಟಿಸಿದರೆ ಗುರುತು ಸಿಗುತ್ತದೆ: ಬಿಳಿ ಗುಂಡಿಯಂಥ ಹೂ, ಅದರ ಅಂಚಿನಲ್ಲಿ ಐದು ಪುಟ್ಟ ಚೂರುಗಳು. ಕಾಂಗ್ರೆಸ್ ಗಿಡದ ಹೂವೂ ಹೀಗೆಯೇ. ಆದರೆ ಈ ದಾಯಾದಿ ಹಾಳು ಜಾಗಕ್ಕೆ ಕಾಲಿಡುವುದಿಲ್ಲ, ಒಳ್ಳೆಯ ಪ್ರೈರಿಯ ಗುರುತು ಎಂದೇ ಅದಕ್ಕೆ ಮರ್ಯಾದೆ. ಅಲ್ಲಿ ಕಾಂಗ್ರೆಸ್ ಗಿಡದ ಪಾತ್ರ ವಹಿಸಿರುವವರು ಬೇರೆ: ಯುರೋಪಿನಿಂದ ಬಂದ ಬಕ್‌ಥಾರ್ನ್ ಪೊದೆ, ಬಿಳಿ ಮತ್ತು ಹಳದಿ ಸ್ವೀಟ್ ಕ್ಲೋವರ್, ಟೀಸಲ್ ಮುಳ್ಳು. ಸ್ವಯಂಸೇವಕರು ಶನಿವಾರ ಭಾನುವಾರ ಗರಗಸ ಹಿಡಿದು ಬಕ್‌ಥಾರ್ನ್ ಕಡಿಯುವುದನ್ನು ಕಂಡರೆ, ಮರ ಕಡಿಯುವ ಈ ಪರಿಸರವಾದಿಗಳು ಯಾರಪ್ಪ ಎಂದು ಗಾಬರಿಯಾಗಬೇಡಿ.

ಫೋಟೊದಲ್ಲಿನ ಹಳದಿ ಹೂವು ಬಹುಶಃ ಕಂಪಾಸ್ ಪ್ಲಾಂಟ್, ಅಂದರೆ ದಿಕ್ಸೂಚಿ ಗಿಡ. ಸೂರ್ಯಕಾಂತಿಯ ಬಳಗ, ಆರೇಳು ಅಡಿಯ ದಂಟು. ಹೂವನ್ನು ಬಿಟ್ಟು ಬುಡ ನೋಡಿ. ಆಳವಾಗಿ ಸೀಳಿದ, ಮರಳು ಕಾಗದದಂತೆ ಒರಟಾದ ಎಲೆಗಳು ನೆಟ್ಟಗೆ ನಿಂತಿರುತ್ತವೆ, ಹೆಚ್ಚಿನವುಗಳ ಅಂಚು ಉತ್ತರ ದಕ್ಷಿಣಕ್ಕೆ. ಬೆಳಗಿನ ಮತ್ತು ಸಂಜೆಯ ಬಿಸಿಲಿಗೆ ಎಲೆಯ ಮುಖ ಒಡ್ಡಿ, ನಡುಮಧ್ಯಾಹ್ನದ ಸುಡುಬಿಸಿಲಿಗೆ ಬರಿಯ ಅಂಚು ಕೊಡುವ ಜಾಣತನ. ಮೊಬೈಲಿನ ದಿಕ್ಸೂಚಿ ಹಿಡಿದು ಪರೀಕ್ಷಿಸಿ. ಹತ್ತು ಎಲೆ ನೋಡಿದರೆ ಒಂದೆರಡು ಮಾತು ಕೇಳದವೂ ಇರುತ್ತವೆ. ಒಂದು ಗಿಡ ನೂರು ವರ್ಷ ಬಾಳಬಲ್ಲದು, ಹಾಗಾಗಿ ನಿಮ್ಮ ಕಾಲ ಬಳಿಯ ಕಾಂಕ್ರೀಟು ಹಾಕಿದ ದಿನ ಅದು ಅಲ್ಲಿ ಇದ್ದಿದ್ದರೂ ಇದ್ದೀತು.

ಅದರ ತಂಗಿ ಪ್ರೈರಿ ಡಾಕ್. ಇದರ ಎಲೆ ತೇಗದ ಎಲೆಯಷ್ಟು ಅಗಲ, ಬುಡದಿಂದಲೇ ಎದ್ದಿರುತ್ತದೆ. ಬಿಸಿಲು ಏರಿದ ಮೇಲೆ ಮಾರ್ಗದರ್ಶಿಯ ಒಪ್ಪಿಗೆ ಪಡೆದು ಅಂಗೈಯನ್ನು ಎಲೆಯ ಎರಡೂ ಬದಿಗೆ ಇಟ್ಟು ಹಿಡಿಯಿರಿ. ಸುತ್ತಲಿನ ಗಾಳಿ ಮೂವತ್ತು ಡಿಗ್ರಿ ದಾಟಿದ್ದರೂ ಎಲೆ ತಣ್ಣಗಿರುತ್ತದೆ. ಅಡಿಗಟ್ಟಲೆ ಆಳದಿಂದ ಬೇರು ನೀರೆಳೆದು ಎಲೆಯಿಂದ ಆವಿಯಾಗಿ ಬಿಡುತ್ತಿರುವುದು ಕೈಗೆ ತಿಳಿಯುವುದು ಹೀಗೆ. ಆ ಎಲೆಯನ್ನು ಕೆನ್ನೆಗೆ ಒತ್ತಿಕೊಳ್ಳುವ ಮಕ್ಕಳನ್ನೂ ನಿಮ್ಮ ಗುಂಪಿನಲ್ಲಿ ಕಾಣಬಹುದು. ನಾಚಿಕೊಳ್ಳದೆ ನೀವೂ ಒತ್ತಿಕೊಳ್ಳಿ.

ಬರ್ಗಮಾಟ್ ಎಂಬ ತಿಳಿ ನೇರಳೆ ಹೂವಿನ ಗಿಡದ ಎಲೆಯನ್ನು ಬೆರಳಿನಿಂದ ಸವರಿ ಮೂಸಿದರೆ ದೊಡ್ಡಪತ್ರೆಯ ವಾಸನೆ, ಎರಡರಲ್ಲೂ ಇರುವುದು ಒಂದೇ ಜಾತಿಯ ತೈಲಾಂಶ. ಮಿಲ್ಕ್‌ವೀಡ್‌ ಎಲೆಯ ತುದಿ ಎಲ್ಲಾದರೂ ಹರಿದಿದ್ದರೆ ಬಿಳಿ ಹಾಲು ಜಿನುಗುತ್ತಿರುತ್ತದೆ, ನಮ್ಮ ಎಕ್ಕದ ಬಳಗ ಅದು. ಅದರ ಎಲೆಯಡಿ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ಸಿಕ್ಕರೆ ಅದು ಮೊನಾರ್ಕ್ ಚಿಟ್ಟೆಯ ಮರಿ. ಎಕ್ಕದ ಎಲೆ ತಿಂದು ಬೆಳೆಯುವ ನಮ್ಮ ಪ್ಲೇನ್ ಟೈಗರ್ ಚಿಟ್ಟೆ ಅದರ ಹತ್ತಿರದ ನೆಂಟ. ಹಾಲಿನ ವಿಷವನ್ನು ಮೈಯಲ್ಲಿ ತುಂಬಿಕೊಂಡು ಹಕ್ಕಿಗಳ ಬಾಯಿಂದ ಪಾರಾಗುವ ಉಪಾಯ ಎರಡಕ್ಕೂ ಒಂದೇ. ಮೊನಾರ್ಕ್‌ಗೆ ಇನ್ನೊಂದು ಸಾಹಸ ಹೆಚ್ಚಿಗೆ: ಬೇಸಿಗೆಯ ಕೊನೆಯ ಪೀಳಿಗೆ ಚಳಿಗಾಲ ಕಳೆಯಲು ಮೆಕ್ಸಿಕೋದ ಬೆಟ್ಟಗಳಿಗೆ ಹಾರಿಹೋಗುತ್ತದೆ.

ತೇವದ ತಗ್ಗುಗಳಲ್ಲಿ ಮಣ್ಣಿನ ಉಂಡೆಗಳನ್ನು ಒಂದರ ಮೇಲೊಂದು ಪೇರಿಸಿದ ಗೇಣುದ್ದದ ಗೂಡುಗಳು ಕಂಡರೆ ಇರುವೆಯದಲ್ಲ, ಬಿಲ ತೋಡುವ ಕ್ರೇಫಿಶ್‌ನದು, ಏಡಿ ಸೀಗಡಿಗಳ ಜಾತಿ. ಅಂತರ್ಜಲ ಮುಟ್ಟುವವರೆಗೆ ತೋಡಿ ಮೇಲಕ್ಕೆ ತಂದ ಮಣ್ಣು ಅದು. ಇನ್ನು ಪ್ರೈರಿ ವೈಟ್ ಫ್ರಿಂಜ್ಡ್ ಆರ್ಕಿಡ್ ಎಂಬ ಬಿಳಿ ಸೀತಾಳೆ ಹೂವನ್ನು ನೀವು ನೋಡುವ ಸಂಭವ ಕಡಿಮೆ, ಹೂಬಿಡುವುದು ಜುಲೈ ಮೊದಲರ್ಧಕ್ಕೆ ಮುಗಿದಿರುತ್ತದೆ. ಇದ್ದರೂ ಜಾಗ ಹೇಳುವುದಿಲ್ಲ. 1989ರಿಂದ ಅದು ಅಮೆರಿಕದ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ರಾತ್ರಿ ಹಾರುವ ಹಾಕ್ ಪತಂಗಗಳು ಮಾತ್ರ ಪರಾಗ ಒಯ್ಯಬಲ್ಲವು. ಅವು ಸಾಕಷ್ಟು ಬಾರದ ಕಡೆ ಸ್ವಯಂಸೇವಕರು ಹಲ್ಲುಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ತಾವೇ ಪರಾಗ ದಾಟಿಸುತ್ತಾರೆ. ನಿಮ್ಮ ಮಾರ್ಗದರ್ಶಿಯೂ ಅಂಥ ಕೆಲಸ ಮಾಡಿದವರಾಗಿರಬಹುದು, ಕೇಳಿ ನೋಡಿ. ಒಳ್ಳೆಯ ಕಥೆಗಳು ಹೊರಬರುತ್ತವೆ.

ಬೆಂಕಿಯ ಮಾತು. ಹೌದು, ಅವರೇ ಹಾಕುತ್ತಾರೆ, ಬೇಕೆಂದೇ ಹಾಕುತ್ತಾರೆ. ಶಿಕಾಗೋ ಸುತ್ತ ವರ್ಷಕ್ಕೆ ಸರಿಸುಮಾರು ಸಾವಿರ ಮಿಲಿಮೀಟರ್ ಮಳೆ, ಹಿಮ ಬೀಳುತ್ತದೆ. ಮರ ಬೆಳೆಯಲು ಅದು ಧಾರಾಳ ಸಾಕು. ಆದರೂ ಸಾವಿರಾರು ವರ್ಷ ಅಲ್ಲಿ ಹುಲ್ಲೇ ಗೆದ್ದದ್ದು ಬೆಂಕಿಯ ಬಲದಿಂದ. ಸಿಡಿಲಿನ ಬೆಂಕಿ ಸ್ವಲ್ಪ. ಬಹುಪಾಲು ಅಲ್ಲಿನ ಮೂಲನಿವಾಸಿಗಳು ಬೇಟೆಗೆ, ಹೊಸ ಚಿಗುರಿಗೆ, ದಾರಿ ತೆರವಿಗೆ ಹಾಕಿದ್ದು. ಅವರನ್ನು ಹೊರಗೆ ಕಳಿಸಿದ ಮೇಲೆ ಬೆಂಕಿಯೂ ನಿಂತಿತು, ಪೊದೆ ಮರಗಳು ನುಗ್ಗಿದವು. ಬೇಲಿ ಹಾಕಿ ಕೈಮುಗಿದು ಬಿಟ್ಟರೆ ಪ್ರೈರಿ ಕೆಲವೇ ದಶಕಗಳಲ್ಲಿ ಪೊದೆಗಾಡಾಗುತ್ತದೆ ಎಂಬುದನ್ನು ಅಲ್ಲಿನವರು ಕಲಿತದ್ದು ತಡವಾಗಿ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಜಾನ್ ಕರ್ಟಿಸ್ ಮುಂತಾದವರು 1940ರ ದಶಕದಲ್ಲಿ ಬೆಂಕಿಯ ಪ್ರಯೋಗಗಳನ್ನು ಮಾಡಿ ತೋರಿಸಿದ ಮೇಲೆಯೇ ಅದು ಸಂರಕ್ಷಣೆಯ ಸಾಧನವಾಗಿ ಒಪ್ಪಿತವಾಯಿತು.

ಕೆಲಸ ನಡೆಯುವ ಬಗೆ ಹೀಗೆ. ಮಾರ್ಚ್, ಏಪ್ರಿಲ್‌ನಲ್ಲಿ ಅಥವಾ ನವೆಂಬರ್‌ನಲ್ಲಿ, ಗಾಳಿ ಒಂದೇ ದಿಕ್ಕಿಗೆ ಹದವಾಗಿ ಬೀಸುವ ಒಣ ದಿನ ನೋಡುತ್ತಾರೆ. ಅನುಮತಿ ಮೊದಲೇ ಆಗಿರುತ್ತದೆ, ಅಗ್ನಿಶಾಮಕ ಠಾಣೆಗೆ ಸುದ್ದಿ ಹೋಗಿರುತ್ತದೆ. ಗಾಳಿ ಹೋಗುವ ಕಡೆಯ ಅಂಚಿನಿಂದ ಶುರು ಮಾಡಿ, ಬೆಂಕಿ ಗಾಳಿಗೆ ಎದುರಾಗಿ ನಿಧಾನ ತೆವಳುವಂತೆ ಬಿಟ್ಟು, ಅಗಲವಾದ ಕರಿ ಪಟ್ಟಿ ಸುಟ್ಟುಕೊಳ್ಳುತ್ತಾರೆ. ಆಮೇಲೆ ಎದುರು ಬದಿಯಿಂದ ಹಚ್ಚಿದ ಬೆಂಕಿ ಗಾಳಿಯೊಡನೆ ಓಡಿ ಬಂದು ಆ ಕರಿ ಪಟ್ಟಿಯಲ್ಲಿ ತಿನ್ನಲು ಏನೂ ಸಿಗದೆ ಆರುತ್ತದೆ. ಪ್ರೈರಿ ಗಿಡಗಳ ಮೊಳಕೆ ಕಣ್ಣು ಮಣ್ಣಿನೊಳಗೆ ಬೆಚ್ಚಗಿರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. ಕಾಂಡದ ತುದಿಯಲ್ಲಿ ಮೊಗ್ಗು ಹೊತ್ತ ಪೊದೆಗಳಿಗೆ, ಏಪ್ರಿಲ್‌ಗೇ ಹಸಿರಾಗಿ ನಿಂತ ಯುರೋಪಿನ ಹುಲ್ಲುಗಳಿಗೆ ಪೆಟ್ಟು. ಸುಟ್ಟ ಕರಿ ನೆಲ ಬಿಸಿಲಿಗೆ ಬೇಗ ಕಾದು ಚಿಗುರು ಬೇಗ ಏಳುತ್ತದೆ. ಒಂದೇ ವರ್ಷ ಇಡೀ ಜಾಗ ಸುಡುವುದಿಲ್ಲ. ದಂಟಿನೊಳಗೆ ಚಳಿಗಾಲ ಕಳೆಯುವ ಕೀಟಗಳಿಗಾಗಿ ಒಂದು ಭಾಗ ಬಿಡುತ್ತಾರೆ. ನಡೆಯುವಾಗ ಯಾವ ಭಾಗ ಈ ವರ್ಷ ಸುಟ್ಟದ್ದು, ಯಾವುದು ಬಿಟ್ಟದ್ದು ಎಂದು ಕೇಳಿ. ಸುಟ್ಟ ಕಡೆ ಹಳೆಯ ಒಣ ದಂಟಿನ ಕಸ ಇರುವುದಿಲ್ಲ, ಹೂವೂ ಸಾಮಾನ್ಯವಾಗಿ ಹೆಚ್ಚು. ಇದನ್ನು ಓದಿ ನಮ್ಮ ಮಲೆನಾಡಿನ ಬೆಟ್ಟಗಳಿಗೆ ಬೆಂಕಿಪೊಟ್ಟಣ ಒಯ್ಯುವವರಿಗೆ ಮಾತ್ರ ನನ್ನ ಬೆಂಬಲವಿಲ್ಲ. ಅಲ್ಲಿಯ ಹುಲ್ಲು, ಶೋಲಾ, ಋತು ಎಲ್ಲವೂ ಬೇರೆ.

ಹೋಲಿಕೆ ಬೇಕಿದ್ದರೆ ನಿಮ್ಮ ಜಿಲ್ಲೆಯಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೂ ಬಸ್ಟರ್ಡ್ ಹಕ್ಕಿಗೂ ಬೇಕಾದದ್ದು ಬಯಲು ಹುಲ್ಲು. ಆದರೆ ಅದರ ಬಹುಭಾಗ ನೀಲಗಿರಿ ನೆಡುತೋಪಾಯಿತು. ಬಸ್ಟರ್ಡ್ ಈಗ ಅಲ್ಲಿಲ್ಲ. ಅಮೃತಮಹಲ್ ಕಾವಲುಗಳಲ್ಲೂ ಎಷ್ಟೋ ಕಡೆ ಇದೇ ಆಯಿತು. ಮರವಿಲ್ಲದ ನೆಲ ಎಂದರೆ ಹಾಳು ನೆಲ ಎಂಬ ಲೆಕ್ಕ ನಮ್ಮ ಕಂದಾಯ ದಾಖಲೆಯ ‘ಖರಾಬು’ ಎಂಬ ಕಾಲಮಿನಿಂದ ಹಿಡಿದು ಶಾಲೆಯ ಸಸಿ ನೆಡುವ ಕಾರ್ಯಕ್ರಮದವರೆಗೆ ಬೇರುಬಿಟ್ಟಿದೆ. ಅಮೆರಿಕನ್ನರು ನಮಗಿಂತ ಜಾಣರು ಎಂದು ಇದರಿಂದ ತಿಳಿಯಬೇಕಿಲ್ಲ. ಅದೇ ಇಲಿನಾಯ್‌ನ ರಾಕ್‌ಫರ್ಡ್ ವಿಮಾನ ನಿಲ್ದಾಣದ ಆವರಣದಲ್ಲಿದ್ದ ಬೆಲ್ ಬೌಲ್ ಪ್ರೈರಿಯಲ್ಲಿ 2021ರಲ್ಲಿ ಅಳಿವಿನಂಚಿನ ಬಂಬಲ್‌ಬೀ ದುಂಬಿಯೊಂದು ಕಂಡು ರಸ್ತೆ ಕಾಮಗಾರಿ ನಿಂತಿತ್ತು. ದೊಡ್ಡ ಪ್ರತಿಭಟನೆಯ ನಡುವೆಯೂ 2023ರ ಮಾರ್ಚ್‌ನಲ್ಲಿ ಅದರ ಮೇಲೆ ಬುಲ್ಡೋಜರ್ ಹರಿಯಿತು.

ಹೊರಡುವ ಮುನ್ನ ಕೆಲವು ಮಾತು. ಸೀರೆ ಬೇಡ, ಪಂಚೆಯೂ ಬೇಡ. ತಿಳಿ ಬಣ್ಣದ ಉದ್ದ ಪ್ಯಾಂಟ್, ಅದರ ಅಂಚನ್ನು ಕಾಲುಚೀಲದೊಳಗೆ ತುರುಕಿ. ನೋಡುವವರು ನಗುವುದಿಲ್ಲ, ಅವರೂ ಹಾಗೆಯೇ ಬಂದಿರುತ್ತಾರೆ. ಕಾರಣ ಉಣ್ಣಿ. ಮಂಗನ ಕಾಯಿಲೆಯ ನಾಡಿನವರಿಗೆ ಉಣ್ಣಿಯ ಭಯ ವಿವರಿಸಬೇಕಿಲ್ಲ. ಅಲ್ಲಿನ ಉಣ್ಣಿ ಹರಡುವುದು ಲೈಮ್ ಎಂಬ ಬೇರೆ ಕಾಯಿಲೆಯನ್ನು. ತಿಳಿ ಬಟ್ಟೆಯ ಮೇಲೆ ಅದು ಬೇಗ ಕಾಣುತ್ತದೆ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿಯ ಹಿಂಭಾಗ, ಕಂಕುಳು, ಕೂದಲಿನ ಬುಡ ನೋಡಿಕೊಳ್ಳಿ. ಮೂರು ಮೂರು ಎಲೆಯ ಪಾಯ್ಸನ್ ಐವಿ, ಹಳದಿ ಛತ್ರಿ ಹೂವಿನ ವೈಲ್ಡ್ ಪಾರ್ಸ್‌ನಿಪ್, ಇವೆರಡನ್ನೂ ಮೊದಲೇ ತೋರಿಸಿಕೊಡಲು ಮಾರ್ಗದರ್ಶಿಗೆ ಹೇಳಿ. ಮುಟ್ಟಿದರೆ ಮೈ ಬೊಬ್ಬೆ ಏಳುತ್ತದೆ. ಟೋಪಿ, ನೀರು ಇರಲಿ. ಶೌಚಾಲಯ ಇರುವುದಿಲ್ಲ ಎಂದೇ ಎಣಿಸಿ ಮನೆಯಿಂದ ಹೊರಡಿ. ಬೆಳಗಿನ ನಡಿಗೆ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಬೀಜ ತರಬೇಡಿ. ವುಲ್ಫ್ ರೋಡ್ ಪ್ರೈರಿ ಕಾನೂನಿನ ರಕ್ಷಣೆ ಇರುವ ಜಾಗ. ಹೂವಿರಲಿ, ಒಣ ತೆನೆ ಕಿತ್ತರೂ ಅಪರಾಧ. ಗಿಡ, ಬೀಜಗಳನ್ನು ಹೇಳದೆ ಕೇಳದೆ ಭಾರತಕ್ಕೆ ತರುವುದಕ್ಕೂ ನಿರ್ಬಂಧವಿದೆ. ಅಮೆರಿಕ ಖಂಡದಿಂದ ಬಂದ ಒಂದು ಪಾರ್ಥೇನಿಯಂನ ಜೊತೆ ನಾವು ಏಗುತ್ತಿರುವುದೇ ಸಾಕು. ತಂದರೂ ಹಾವೇರಿಯಲ್ಲಿ ಅವುಗಳಲ್ಲಿ ಹೆಚ್ಚಿನವು ಮೊಳೆಯುವುದಿಲ್ಲ: ಒಂದೆರಡು ತಿಂಗಳು ಹಿಮದ ತಂಪು ತೇವದಲ್ಲಿ ಮಲಗಿ ಎದ್ದರೆ ಮಾತ್ರ ಅವು ಕಣ್ಣು ಬಿಡುತ್ತವೆ. ಆಸೆಯಿದ್ದರೆ ಮಗಳ ಮನೆಯ ಅಂಗಳದಲ್ಲಿ ನೆಡಿ. ಸ್ಥಳೀಯ ಸಸ್ಯಗಳನ್ನು ಮಾರುವ ನರ್ಸರಿಗಳು ಆ ಕಡೆ ಹಲವಾರಿವೆ. ಜುಲೈ ಬಿಸಿಲಿನಲ್ಲಿ ನೆಟ್ಟರೆ ದಿನವೂ ನೀರು ಹಾಕಬೇಕಾಗುತ್ತದೆ, ಸೆಪ್ಟೆಂಬರ್ ಉತ್ತಮ. ಡ್ರಾಪ್‌ಸೀಡ್ ಹುಲ್ಲು, ಕಿತ್ತಳೆ ಹೂವಿನ ಬಟರ್‌ಫ್ಲೈ ಮಿಲ್ಕ್‌ವೀಡ್ ಎರಡೂ ಸಣ್ಣ ಅಂಗಳಕ್ಕೆ ಒಗ್ಗುವ ಸಾಧು ಗಿಡಗಳು. ಎಲೆಯ ಬಟ್ಟಲಿನಲ್ಲಿ ಮಳೆನೀರು ಹಿಡಿಯುವ ಕಪ್ ಪ್ಲಾಂಟ್ ನೋಡಲು ಚಂದ, ಆದರೆ ಅದನ್ನು ಮಾತ್ರ ತರಬೇಡಿ. ಎಂಟು ಅಡಿ ಬೆಳೆದು, ಬೀಜ ಉದುರಿಸಿ, ಮೂರನೆಯ ವರ್ಷಕ್ಕೆ ಪಕ್ಕದ ಮನೆಯವರೊಡನೆ ಜಗಳ ತಂದಿಡುತ್ತದೆ.